ಕಟ್ಟಡ ಆಮೇಲೆ, ಮೊದಲು ಉಣುಗು

ಪ್ರೀತಿಯ ಗೆಳೆಯಾ,

ನಿಮ್ಮ ವಿಶ್ವವಿದ್ಯಾಲಯದಲ್ಲಿ ಪರಿಸರ ಅಧ್ಯಯನ ಕೇಂದ್ರ ಬರುತ್ತದೆ, ಯೋಜನೆ ಬರೆಯುವ ಕೆಲಸ ನಿನ್ನ ತಲೆಗೆ ಬಿದ್ದಿದೆ ಅಂತ ಓದಿ ಖುಷಿಯಾಯಿತು. ಕರಡನ್ನೂ ನೋಡಿದೆ. ಆರು ವಿಭಾಗಗಳ ಹೆಸರಿದೆ, ಸೆಮಿನಾರ್ ಹಾಲ್ ಇದೆ, ಲಿಫ್ಟ್ ಕೂಡ ಇದೆ. ಈ ಆರು ವಿಭಾಗದವರು ಒಟ್ಟಿಗೆ ಕೂತು ಏನನ್ನು ಹುಡುಕುತ್ತಾರೆ ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಕಟ್ಟಡ ಆಮೇಲೆ ಬರಲಿ ಮಾರಾಯ, ಮೊದಲು ಒಂದು ಪ್ರಶ್ನೆ ಹಿಡಿ. ನೀನಿರುವುದು ಶಿವಮೊಗ್ಗದ ಕಡೆ. ಮಂಗನ ಕಾಯಿಲೆಗಿಂತ ಒಳ್ಳೆಯ ಪ್ರಶ್ನೆ ಬೇಕಾ?

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರವರಿಗೆ ಜ್ವರ ಬಂತು. ವೈರಸ್ ಯಾವುದೆಂದು ಗೊತ್ತಾಯಿತು, ಹರಡುವುದು ಉಣುಗು ಅಂತಲೂ ಗೊತ್ತಾಯಿತು. ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಮಳೆ ನಿಂತು ಕಾಡು ಒಣಗಿತು ಅಂದರೆ ಈಗಲೂ ಭಯ ಶುರು.

ಡಾಕ್ಟರಿಗೆ ಜ್ವರ ಗೊತ್ತು. ಆದರೆ ಬೆಳೆದ ಉಣುಗು ರಕ್ತ ಕುಡಿಯುವುದು ಹೆಚ್ಚಾಗಿ ದನದ ಮೈಯಿಂದ. ದನದಿಂದ ವೈರಸ್ ಅಷ್ಟಾಗಿ ಹರಡುವುದಿಲ್ಲ, ಉಣುಗಿನ ಸಂತತಿ ಮಾತ್ರ ಬೆಳೆಯುತ್ತದೆ. ಅದು ಪಶುವೈದ್ಯರಿಗೆ ಗೊತ್ತು. ಆ ದನ ಕಾಡಿಗೇ ಯಾಕೆ ಹೋಗಬೇಕು, ಊರಿನ ಗೋಮಾಳ ಎಲ್ಲಿ ಹೋಯಿತು? ಅದನ್ನು ಕಂದಾಯ ದಾಖಲೆ ಓದಬಲ್ಲವರು ಹೇಳಬೇಕು. ತೋಟಕ್ಕೆ ಹಾಕುವ ದರಗು, ಅಂದರೆ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವವರು ತೋಟದ ಯಜಮಾನರಾ, ಕೂಲಿಗೆ ಬರುವ ಹೆಂಗಸರಾ? ಅದು ಸಮಾಜಶಾಸ್ತ್ರ. ಅಡಿಕೆ ರೇಟು ಏರಿದಾಗ ತೋಟ ಕಾಡಿನೊಳಗೆ ಎಷ್ಟು ಸರಿಯುತ್ತದೆ ಅನ್ನುವುದು ನಿನ್ನದೇ ಅರ್ಥಶಾಸ್ತ್ರ. ಇದರಲ್ಲಿ ಯಾರನ್ನು ಬಿಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ.

ಒಂದು ಕಡೆ ಹುಷಾರಾಗಿರು. ಇಂಥ ಯೋಜನೆಗಳಲ್ಲಿ ವಿಜ್ಞಾನದವರು ಎಲ್ಲ ಮುಗಿಸಿ, ಕೊನೆಗೆ ಸಮಾಜಶಾಸ್ತ್ರದವರನ್ನು ಕರೆದು ‘ಜನರಲ್ಲಿ ಜಾಗೃತಿ ಮೂಡಿಸಿ’ ಅನ್ನುತ್ತಾರೆ. ನನಗೆ ಇದು ಕಂಡರೆ ಆಗುವುದಿಲ್ಲ. ಪ್ರಶ್ನೆ ಬರೆಯುವ ದಿನವೇ ಅವರು ಇರಬೇಕು, ಊರಿನವರೂ ಇರಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರಿನ ಅಧ್ಯಯನ ಮಾಡಿದ್ದು ನೆನಪಿದೆಯಲ್ಲ? ಬಿದಿರು ಚೆನ್ನಾಗಿ ಬೆಳೆಯಲಿ ಅಂತ ಅರಣ್ಯ ಇಲಾಖೆ ಮೆಳೆಯ ಬುಡದ ಮುಳ್ಳು ಸವರಿಸುತ್ತಿತ್ತು. ಆ ಮುಳ್ಳು ಇದ್ದರೇನೇ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಉಳಿಯುವುದು, ಇಲ್ಲದಿದ್ದರೆ ದನ ತಿಂದು ಹಾಕುತ್ತದೆ ಅಂತ ಊರವರು ಹೇಳಿದರು. ಅಳೆದು ನೋಡಿದಾಗ ಊರವರು ಹೇಳಿದ್ದೇ ಸರಿಯಾಗಿತ್ತು. ಅದೇ ಗಾಡ್ಗೀಳರು 1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಕೆಲಸ ಮೊದಲು, ಬೋರ್ಡು ಆಮೇಲೆ.

ಪಾಠದ ವಿಷಯ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ನಿಧಾನವಾಗಿಯಾದರೂ, ಎಲ್ಲ ಪದವಿಗಳಿಗೂ ಪರಿಸರ ಅಧ್ಯಯನ ಕಡ್ಡಾಯ ಮಾಡಿತು. ಅದರ ಮೊದಲ ಪಠ್ಯಕ್ರಮದಲ್ಲಿ 50 ಪಾಠ ಇದ್ದವು, ಹೊರಗೆ ಹೋಗಿ ನೋಡುವುದಕ್ಕೆ ಅದರಲ್ಲಿ 5. ಆ ಐದೂ ಎಷ್ಟೋ ಕಡೆ ಹಾಳೆಯ ಮೇಲೆಯೇ ಮುಗಿಯುತ್ತಿದ್ದವು. ಹುಡುಗರು ವ್ಯಾಖ್ಯೆ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ನಿಮ್ಮಲ್ಲಿ ಇದನ್ನು ತಿರುಗಿಸಿ ಹಾಕಲು ಆಗುತ್ತದಾ ನೋಡು. ಬಿಕಾಂ ಹುಡುಗಿ, ಸಸ್ಯಶಾಸ್ತ್ರದ ಹುಡುಗ, ಕನ್ನಡ ಎಂಎ ಓದುವವನು ಒಂದೇ ಊರಿಗೆ ಹೋಗಿ ಒಂದೇ ವರದಿ ಬರೆಯಲಿ.

ಇನ್ನು ನಿಯಮಗಳು. ಪಿಎಚ್‌ಡಿಗೆ ಎರಡು ವಿಭಾಗಗಳಿಂದ ಇಬ್ಬರು ಗೈಡ್ ಇರಬಹುದು, ಬಡ್ತಿಯ ಲೆಕ್ಕದಲ್ಲಿ ಇಬ್ಬರಿಗೂ ಸಮ ಅಂಕ ಅಂತ ಈಗಲೇ ಬರೆಸಿಬಿಡು. ಬಡ್ತಿ ಸಮಯದಲ್ಲಿ ‘ಇದು ನಿಮ್ಮ ವಿಷಯವೇ ಅಲ್ಲವಲ್ಲ’ ಅಂದರೆ ಮರುವರ್ಷ ಯಾರೂ ಈ ಕಡೆ ತಲೆ ಹಾಕುವುದಿಲ್ಲ.

ಬಜೆಟ್ ಪುಟ ಕಳಿಸು. ಸೆಮಿನಾರ್ ಹಾಲಿನ ಕುರ್ಚಿಗೆ ಎಷ್ಟು, ಜೀಪಿನ ಡೀಸೆಲ್‌ಗೆ ಎಷ್ಟು ಇಟ್ಟಿದ್ದೀಯ ನೋಡಿ ಹೇಳುತ್ತೇನೆ.

ನಿನ್ನವನೇ