ಮೂಡಣ ಭಾಗದ 40 ಎಕರೆ

ಸ್ಪ್ರಿಂಗ್‌ಫೀಲ್ಡ್, ಇಲಿನಾಯ್
ಅಕ್ಟೋಬರ್ 14

ಮಾತೃಶ್ರೀ ಚಿಕ್ಕಮ್ಮನಿಗೆ ನಿನ್ನ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನು, ತಮ್ಮ, ಕೊಟ್ಟಿಗೆಯ ಗೌರಿ, ಅದರ ಕರು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ತೋಟದ ಮಾತು ಎತ್ತಿದಾಗಲೆಲ್ಲ ಫೋನಿನಲ್ಲಿ ನೀನು "ಅದೆಲ್ಲ ಇರಲಿ, ನಿನ್ನ ಊಟ ಆಯ್ತಾ" ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನೀನೇ ಓದು. ಆಮೇಲೆ ತಮ್ಮನಿಗೂ ಕೊಡು.

ಹೋದ ಭಾನುವಾರ ಅಬ್ರಹಾಂ ಲಿಂಕನ್ನನ ಅಪ್ಪ-ಅಮ್ಮ ಕೊನೆಗಾಲದಲ್ಲಿ ಇದ್ದ ಜಾಗಕ್ಕೆ ಹೋಗಿದ್ದೆವು. ನಾವಿರುವ ಊರು ಲಿಂಕನ್ ವಕೀಲಿ ಮಾಡಿದ ಊರು. ಅವನ ಮನೆಯೂ ಇಲ್ಲೇ, ಸಮಾಧಿಯೂ ಇಲ್ಲೇ. ಅಪ್ಪ-ಅಮ್ಮನ ಜಾಗ ಮಾತ್ರ ಚಾರ್ಲ್ಸ್‌ಟನ್ ಎಂಬ ಪೇಟೆಯ ಹತ್ತಿರ, ಜೋಳದ ಹೊಲಗಳ ನಡುವೆ ಇದೆ. ಈಗ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಒಣಗಿದ ಜೋಳದ ದಂಟು, ದೂಳು.

ನಮ್ಮ ಹೈಸ್ಕೂಲಿನ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಪತ್ರ ನೆನಪಿದೆಯಾ? ಲಿಂಕನ್ ತನ್ನ ಮಗನ ಮೇಷ್ಟರಿಗೆ ಬರೆದದ್ದು ಅಂತ. ಶಿಕ್ಷಕರ ದಿನಾಚರಣೆಗೆ ನಾನು ಅದನ್ನು ಬಾಯಿಪಾಠ ಒಪ್ಪಿಸಿ ಸ್ಟೀಲ್ ಲೋಟ ಗೆದ್ದು ತಂದಿದ್ದೆ. ರಾತ್ರಿ ಒಲೆಯ ಮುಂದೆ ಕೂತು, ಎಲ್ಲಿ ತಪ್ಪಿದೆ ಅಂತ ಹಾಳೆ ನೋಡಿ ತಿದ್ದಿದವಳು ನೀನು. ಚಿಕ್ಕಮ್ಮ, ಆ ಪತ್ರವನ್ನು ಲಿಂಕನ್ ಬರೆದ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲವಂತೆ. ಅವನ ಪತ್ರ, ಭಾಷಣಗಳನ್ನೆಲ್ಲ ಒಟ್ಟುಮಾಡಿ ಸಂಪುಟಗಳಾಗಿ ಅಚ್ಚು ಹಾಕಿದ್ದಾರೆ. ಅದರಲ್ಲಿ ಇದು ಇಲ್ಲ. ತಿಳಿದಾಗ ನನಗೆ ತುಂಬ ಬೇಜಾರಾಯಿತು. ಆದರೆ ಅವನು ನಿಜವಾಗಿ ಬರೆದ ಬೇರೊಂದು ಪತ್ರ ಸಿಕ್ಕಿತು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ.

ಅದಕ್ಕೂ ಮೊದಲು ಅವನ ಹೆತ್ತ ತಾಯಿಯ ಸಂಗತಿ ಹೇಳಬೇಕು. ಆಕೆಯ ಹೆಸರು ನ್ಯಾನ್ಸಿ. 1818ರಲ್ಲಿ, ಲಿಂಕನ್ನನಿಗೆ 9 ವರ್ಷವಿದ್ದಾಗ, ಹಾಲು ಕುಡಿದು ಸತ್ತಳು. ಹೌದು, ಹಾಲು. ಇಂಡಿಯಾನಾದ ಕಾಡಿನಲ್ಲಿ ಬಿಳಿ ಹೂ ಬಿಡುವ ಒಂದು ಗಿಡ ಬೆಳೆಯುತ್ತದೆ. ಮೇವು ಕಡಿಮೆಯಾದಾಗ ದನ ಅದನ್ನು ತಿಂದರೆ ವಿಷ ಹಾಲಿಗೆ ಇಳಿಯುತ್ತದೆ. ಆಗ ಕಾರಣ ಯಾರಿಗೂ ಗೊತ್ತಿರಲಿಲ್ಲ, ಬರೀ "ಹಾಲಿನ ಕಾಯಿಲೆ" ಅನ್ನುತ್ತಿದ್ದರು. ಗುಡ್ಡಕ್ಕೆ ದನ ಬಿಡುವಾಗ ಯಾವ ಸೊಪ್ಪಿಗೆ ಬಾಯಿ ಹಾಕುತ್ತವೆ ಅಂತ ನೀನು ಹಿಂದೆ ಹಿಂದೆ ಹೋಗಿ ನೋಡುತ್ತಿದ್ದದ್ದು ನೆನಪಾಯಿತು. ಅಪ್ಪ ಶವಪೆಟ್ಟಿಗೆ ಮಾಡುವಾಗ, ಹಲಗೆ ಜೋಡಿಸುವ ಮರದ ಗೂಟಗಳನ್ನು ಕೆತ್ತಿಕೊಟ್ಟವನು ಆ ಒಂಬತ್ತು ವರ್ಷದ ಹುಡುಗನೇ ಎನ್ನುತ್ತಾರೆ.

ಮರುವರ್ಷ ಅಪ್ಪ ಥಾಮಸ್ ಕೆಂಟಕಿಗೆ ಹೋಗಿ ಸಾರಾ ಬುಷ್ ಎಂಬ ವಿಧವೆಯನ್ನು ಮದುವೆಯಾಗಿ ಕರೆತಂದ. ಅವಳಿಗೆ ತನ್ನವೇ ಮೂರು ಮಕ್ಕಳು. ಗಾಡಿ ಇಳಿದು ನೋಡಿದರೆ ಮರದ ದಿಮ್ಮಿಯ ಒಂದು ಕೋಣೆ, ಮಣ್ಣಿನ ನೆಲ, ತಲೆ ಬಾಚದೆ ಚಿಂದಿ ಬಟ್ಟೆಯಲ್ಲಿದ್ದ ಎರಡು ಮಕ್ಕಳು. ಮೊದಲು ಆ ಮಕ್ಕಳಿಗೆ ಮೈ ತೊಳೆದು ಬಟ್ಟೆ ತೊಡಿಸಿದಳು. ಗಂಡನಿಗೆ ಹೇಳಿ ನೆಲಕ್ಕೆ ಹಲಗೆ ಹಾಕಿಸಿದಳು.

ನಮ್ಮ ಪೇಪರಿನಲ್ಲಿ ಸರ್ಕಾರ ಯಾರಿಗಾದರೂ ಅನ್ಯಾಯ ಮಾಡಿದರೆ "ಮಲತಾಯಿ ಧೋರಣೆ" ಅಂತ ದಪ್ಪಕ್ಷರದಲ್ಲಿ ಹಾಕುತ್ತಾರಲ್ಲ. ಅಂಥ ದಿನ ನೀನು ಪೇಪರನ್ನು ಮಡಚಿ ಆ ಪುಟ ಒಳಗೆ ಮಾಡಿ ಇಡುತ್ತಿದ್ದೆ. ನಾನು ನೋಡುತ್ತಿದ್ದೆ ಚಿಕ್ಕಮ್ಮ. ಆಗ ಏನು ಹೇಳಬೇಕೋ ಗೊತ್ತಾಗುತ್ತಿರಲಿಲ್ಲ.

ಸಾರಾಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಮನೆಗೆ ಪುಸ್ತಕಗಳನ್ನು ತಂದವಳು ಅವಳೇ. ಅಪ್ಪನಿಗೆ ಹುಡುಗ ಕೊಡಲಿ ಹಿಡಿಯಬೇಕು, ಅವರಿವರ ಹೊಲದಲ್ಲಿ ದುಡಿದು ಕೂಲಿ ತರಬೇಕು. ಲಿಂಕನ್ ಶಾಲೆಯಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ಇಷ್ಟವಾದ ಮಾತು ಕಂಡರೆ, ಕಾಗದ ಇಲ್ಲದಿದ್ದರೆ ಹಲಗೆಯ ಮೇಲೆ ಬರೆದಿಟ್ಟು, ಕಾಗದ ಸಿಕ್ಕಾಗ ಇಳಿಸಿಕೊಳ್ಳುತ್ತಿದ್ದನಂತೆ. ಓದುವಾಗ ಅವನನ್ನು ಯಾರೂ ಎಬ್ಬಿಸದ ಹಾಗೆ ಅವಳು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿ ಅಡಿಕೆ ಸುಲಿಯಲು ಕೂರಿಸೋಣ ಎಂದು ಅಪ್ಪ ಅಂದ ರಾತ್ರಿ ನೀನು ಊಟ ಬಿಟ್ಟದ್ದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅತ್ತೆ ಹೇಳಿ.

ಲಿಂಕನ್ನನಿಗೂ ಅವನ ಅಪ್ಪನಿಗೂ ಕೊನೆವರೆಗೂ ಸರಿಹೋಗಲಿಲ್ಲ. 1851ರ ಜನವರಿಯಲ್ಲಿ ಥಾಮಸ್ ಹಾಸಿಗೆ ಹಿಡಿದಾಗ, ಈಗ ಭೇಟಿಯಾದರೆ ಸಂತೋಷಕ್ಕಿಂತ ನೋವೇ ಹೆಚ್ಚಾದೀತು ಎಂದು ಲಿಂಕನ್ ಬರೆದು ಕಳಿಸಿದ. ಮಣ್ಣಿಗೂ ಹೋಗಲಿಲ್ಲ. ಇಷ್ಟು ದೊಡ್ಡ ಮನಸ್ಸಿನವನು ಹೀಗೆ ಮಾಡಿದನಲ್ಲ ಎಂದು ನನಗೆ ಸಂಕಟವಾಯಿತು. ಹೆಂಡತಿ ಬಾಣಂತಿ, ಕಾಯಿಲೆ ಬೇರೆ ಅಂತ ಅದೇ ಪತ್ರದಲ್ಲಿದೆ. ಆದರೂ ಇದನ್ನು ಸರಿ ಅನ್ನಲು ನನ್ನಿಂದಾಗದು.

ನಾನು ಹೇಳಬೇಕೆಂದ ಪತ್ರ ಅದೇ ವರ್ಷ ನವೆಂಬರ್ 4ರದ್ದು. ಸಾರಾಳ ಸ್ವಂತ ಮಗ ಜಾನ್ ಜಾನ್‌ಸ್ಟನ್, ಜಮೀನು ಮಾರಿ ಮಿಸ್ಸೂರಿಗೆ ಹೋಗುತ್ತೇನೆ ಎಂದು ಹೊರಟಿದ್ದ. ಲಿಂಕನ್ ಅವನಿಗೆ ಕಟುವಾಗಿಯೇ ಬರೆದ. ಅಲ್ಲಿಯ ಮಣ್ಣು ಇಲ್ಲಿಗಿಂತ ಹೆಚ್ಚು ಫಲವತ್ತೇ, ದುಡಿಯದೆ ಅಲ್ಲಿ ಬೆಳೆ ಬರುತ್ತದೆಯೇ ಎಂದು ಕೇಳಿದ. ಮೂಡಣ ಭಾಗದ 40 ಎಕರೆ ಅಮ್ಮ ಬದುಕಿರುವವರೆಗೂ ಅಮ್ಮನಿಗೆ, ನೀನು ಉಳದಿದ್ದರೆ ಗೇಣಿಗೆ ಕೊಟ್ಟರೂ ಅವಳ ಹೊಟ್ಟೆಗೆ ಆಗುತ್ತದೆ ಎಂದ. ಆ 40 ಎಕರೆಯನ್ನು ಹತ್ತು ವರ್ಷ ಹಿಂದೆ 200 ಡಾಲರ್ ಕೊಟ್ಟು ಅಪ್ಪನಿಂದ ತನ್ನ ಹೆಸರಿಗೆ ಮಾಡಿಸಿಕೊಂಡದ್ದೇ, ಅವರಿಬ್ಬರೂ ಜೀವ ಇರುವವರೆಗೆ ಅದರಲ್ಲಿ ಇರಲಿ ಎಂದು. ಪತ್ರದಲ್ಲಿ ಅವನು ಬಳಸಿದ ಪದ "ಅಮ್ಮ" ಅಷ್ಟೇ. "ಮಲತಾಯಿ" ಎನ್ನುವುದು ಎಲ್ಲೂ ಇಲ್ಲ.

ಎಲ್ಲ ಮನೆಯಲ್ಲೂ ಹೀಗೆ ಅಂತ ಹೇಳುತ್ತಿಲ್ಲ. ಅವನ ಹೆಂಡತಿ ಮೇರಿಯೂ ಆರು ವರ್ಷಕ್ಕೇ ತಾಯಿ ಕಳೆದುಕೊಂಡವಳು, ಮಲತಾಯಿಯ ಜೊತೆ ಅವಳಿಗೆ ಹೊಂದಲೇ ಇಲ್ಲ. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಆ ತಾಯಿಯ ಮಕ್ಕಳಲ್ಲಿ ಕೆಲವರು ಲಿಂಕನ್ನನ ಎದುರು ಪಕ್ಷದ ಸೈನ್ಯ ಸೇರಿ ಸತ್ತರು. ಇವಳು ಶ್ವೇತಭವನದಲ್ಲಿ ಕೂತು ಯಾರಿಗೆ ಅಳಬೇಕು ಹೇಳು. ಮೇರಿ ಗಂಡನನ್ನು ಕರೆಯುತ್ತಿದ್ದದ್ದು "ಮಿಸ್ಟರ್ ಲಿಂಕನ್" ಅಂತ. ವೋಟರ್ ಪಟ್ಟಿಗೆ ಬರೆಸುವಾಗಲೂ ಅಪ್ಪನ ಹೆಸರು ಬಾಯಲ್ಲಿ ಹೇಳದೆ ನೀನು ನನ್ನ ಮುಖ ನೋಡಿದ್ದು ನೆನಪಾಯಿತು. ಅವರಿಗೆ ನಾಲ್ಕು ಗಂಡುಮಕ್ಕಳು. ಎಡ್ಡಿ ನಾಲ್ಕು ತುಂಬುವ ಮೊದಲೇ ಹೋದ, ವಿಲ್ಲಿ 11 ವರ್ಷಕ್ಕೆ ಶ್ವೇತಭವನದಲ್ಲೇ ವಿಷಮಜ್ವರದಲ್ಲಿ. 1865ರಲ್ಲಿ ಲಿಂಕನ್ನನ ಶವ ರೈಲಿನಲ್ಲಿ ಇಲ್ಲಿಗೆ ಬಂದಾಗ ವಿಲ್ಲಿಯ ಪೆಟ್ಟಿಗೆಯನ್ನೂ ಅದೇ ರೈಲಿನಲ್ಲಿ ಜೊತೆಗೆ ತಂದರು. ಕೊನೆಯವನು ಟ್ಯಾಡ್ 18ಕ್ಕೆ. ಉಳಿದವನು ದೊಡ್ಡವನು ರಾಬರ್ಟ್ ಒಬ್ಬನೇ. ಅವನ ಮೊಮ್ಮಗ 1985ರಲ್ಲಿ ತೀರಿಕೊಂಡ ಮೇಲೆ ವಂಶವೇ ನಿಂತುಹೋಯಿತು.

1861ರ ಜನವರಿ ಕೊನೆಯಲ್ಲಿ, ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್ನಿಗೆ ಹೊರಡುವ ಮುಂಚೆ, ಅಷ್ಟೆಲ್ಲ ಗಡಿಬಿಡಿಯ ನಡುವೆ ಲಿಂಕನ್ ಬಂದದ್ದು ಸಾರಾಳನ್ನು ನೋಡಲು. ಅವನು ಅಧ್ಯಕ್ಷನಾಗುವುದು ಅವಳಿಗೆ ಬೇಕಿರಲಿಲ್ಲ. ಏನೋ ಆಗುತ್ತದೆ, ಮತ್ತೆ ನೋಡುವುದಿಲ್ಲ ಎಂದು ಒಳಗೇ ಅನ್ನಿಸಿತ್ತಂತೆ. ಹಾಗೇ ಆಯಿತು. ಕೊಲೆಯಾದ ಕೆಲವು ತಿಂಗಳ ಮೇಲೆ ಅವನ ವಕೀಲ ಜೊತೆಗಾರ ಹರ್ನ್‌ಡನ್ ಹೋಗಿ ಮಾತಾಡಿಸಿದಾಗ ಆ ಮುದುಕಿ ಹೇಳಿದ್ದಿಷ್ಟು: ನನ್ನ ಜಾನ್, ಅಬ್ರಹಾಂ ಇಬ್ಬರೂ ಒಳ್ಳೆಯವರೇ, ಇಬ್ಬರೂ ಈಗ ಇಲ್ಲ, ಆದರೂ ಅಬ್ರಹಾಂನಂಥ ಹುಡುಗನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಅವರ ಹಳೇ ಮನೆ ಈಗಿಲ್ಲ. 1893ರ ಷಿಕಾಗೊ ವಸ್ತುಪ್ರದರ್ಶನಕ್ಕೆ ಬಿಚ್ಚಿ ಒಯ್ದವರು ಕಳೆದುಬಿಟ್ಟರಂತೆ. ಈಗಿರುವುದು ಅದರಂತೆಯೇ ಕಟ್ಟಿದ್ದು. ಹತ್ತಿರದ ಸ್ಮಶಾನದಲ್ಲಿ ಥಾಮಸ್‌ನ ಪಕ್ಕ ಸಾರಾ ಮಲಗಿದ್ದಾಳೆ. ಮಕ್ಕಳು ಕಾರಿನ ಹತ್ತಿರ ಆಡುತ್ತಿದ್ದರು, ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಈಗ ನಮ್ಮ ವಿಷಯ. ತಮ್ಮ ಕಳಿಸಿದ ಜಿಪಿಎ ಕಾಗದ, ಅಂದರೆ ಜಮೀನಿನ ವ್ಯವಹಾರವನ್ನು ನನ್ನ ಪರವಾಗಿ ಅವನೇ ಮಾಡಬಹುದು ಎಂಬ ಅಧಿಕಾರಪತ್ರ, ಬಂದಿದೆ, ನಾನು ಸಹಿ ಹಾಕುವುದಿಲ್ಲ. ಅವನ ಮೇಲೆ ಸಿಟ್ಟಿಲ್ಲ, ಬೆಂಗಳೂರಿನಲ್ಲಿ ಸೈಟಿಗೆ ದುಡ್ಡು ಬೇಕು ಎನ್ನುವುದು ನನಗೂ ಅರ್ಥವಾಗುತ್ತದೆ. ಗದ್ದೆಯಲ್ಲಿ ನನ್ನ ಪಾಲು ಅವನೇ ತೆಗೆದುಕೊಳ್ಳಲಿ, ಅದಕ್ಕೆ ಬೇಕಾದ ಕಾಗದ ಕಳಿಸಲಿ, ಸಹಿ ಮಾಡುತ್ತೇನೆ. ಆದರೆ ಬಾವಿ ಪಕ್ಕದ ಒಂದೂವರೆ ಎಕರೆ ತೋಟ ನಿನ್ನ ಕಾಲ ಇರುವವರೆಗೂ ನಿನ್ನದೇ. ಅಡಿಕೆಯ ದುಡ್ಡು ನಿನ್ನ ಬ್ಯಾಂಕಿನ ಪಾಸ್‌ಬುಕ್ಕಿಗೇ ಬರಬೇಕು. ಡಿಸೆಂಬರ್‌ಗೆ ಬಂದಾಗ ತೀರ್ಥಹಳ್ಳಿಗೆ ಮೂವರೂ ಹೋಗಿ ವಕೀಲರ ಹತ್ತಿರ ಬರೆಸೋಣ. ಪಹಣಿಯನ್ನೂ ಅಪ್ಪನ ಟ್ರಂಕಿನಲ್ಲಿರುವ ಹಳೇ ಕ್ರಯಪತ್ರವನ್ನೂ ತೆಗೆದಿಟ್ಟಿರು. ಬೇಡ ಅನ್ನಬೇಡ.

ಇಂತಿ ನಿನ್ನ ಮಗಳು,
ಸುಮಾ