ಭಾನುವಾರದ ಅಂಗಡಿ ಪ್ರವಾಸ: ದಯವಿಟ್ಟು ಓದಿ ಉತ್ತರಿಸಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಹೊರಡುತ್ತಿದ್ದೇವೆ. ಹೆಸರು ಕೊಟ್ಟ ಎಲ್ಲರೂ ಬೆಳಿಗ್ಗೆ 6ಕ್ಕೆ ಹಾಸನ ಬಸ್ ನಿಲ್ದಾಣದ ಎದುರು ಸೇರಿ. ದಾರಿಯಲ್ಲಿ ಬೇಲೂರಿನಲ್ಲಿ ತಿಂಡಿ.

ಕಾಫಿ ತೋಟಗಳ ನಡುವಿನ ಈ ಪುಟ್ಟ ಊರೇ ಹಳೆಯ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸಳ ಹುಲಿಯನ್ನು ಹೊಯ್ದ ಕಥೆ ಇಲ್ಲಿಯದೇ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸುವುದಕ್ಕೂ ಮೊದಲಿನ ಕಾಲವನ್ನು ಇಲ್ಲಿ ನೋಡಬಹುದು. ವಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು, ಪಾಳುಬಿದ್ದ ದೇವಸ್ಥಾನಗಳು ಎಲ್ಲ ನಡಿಗೆಯ ದೂರದಲ್ಲಿವೆ. ಬೇಲೂರಿನ ಕೆತ್ತನೆಯ ಸೊಬಗನ್ನು ಇಲ್ಲಿ ಹುಡುಕಬೇಡಿ. ನನಗಂತೂ ಈ ಸರಳ ಕಲ್ಲುಗಳೇ ಹೆಚ್ಚು ಇಷ್ಟ.

ಮಳೆ ಈಗಷ್ಟೇ ನಿಂತಿದೆ, ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಉದ್ದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಮರೆಯಬೇಡಿ. ನೀರು, ಮಧ್ಯಾಹ್ನದ ಬುತ್ತಿ ನಿಮ್ಮದೇ.

ಒಂದು ಕಳಕಳಿಯ ಮಾತು. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಸವೆದ ಅಕ್ಷರದ ಗೀರಿನಲ್ಲಿ ನೆರಳು ಕೂತು ಸಾಲು ಎದ್ದು ಕಾಣುತ್ತದೆ. ಕಳೆದ ಸಲ ಒಂದು ಕಲ್ಲಿನ ಮೇಲೆ ಯಾರೋ ಬಳಿದ ಸುಣ್ಣ ನೋಡಿ ಹೊಟ್ಟೆ ಉರಿಯಿತು. ತೋಟದೊಳಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳೋಣ, ಕಾಫಿ ಹಣ್ಣು, ಮೆಣಸಿನ ಬಳ್ಳಿ ಮುಟ್ಟುವುದು ಬೇಡ.

ಬರುವವರು, ಜೊತೆಗೆ ಎಷ್ಟು ಮಕ್ಕಳು ಎಂಬುದನ್ನು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಅದರ ಮೇಲೆ ಗಾಡಿ ಗೊತ್ತುಮಾಡಬೇಕು.