ಹಂಪನಕಟ್ಟೆಯ ಹಳೆ ಕಾಲೇಜಿನ ಮಕ್ಕಳಿಗಾಗಿ ಒಂದು ಮನವಿ

ಆತ್ಮೀಯರೇ,

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದು "ಯೂನಿವರ್ಸಿಟಿ ಕಾಲೇಜು ಎಲ್ಲಿ?" ಎಂದು ಕೇಳಿ ನೋಡಿ. ಹಿರಿಯರಾದರೆ, "ಓ, ಗವರ್ನಮೆಂಟ್ ಕಾಲೇಜಾ?" ಎನ್ನುತ್ತಾ ಕೈ ತೋರಿಸುತ್ತಾರೆ. 1993ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಘಟಕ ಕಾಲೇಜಾದ ಮೇಲೂ ಊರಿನ ನಾಲಿಗೆಗೆ ಹಳೆಯ ಹೆಸರೇ ರೂಢಿ. 1868ರಿಂದ ನಡೆದುಬಂದ ಸಂಸ್ಥೆ ಇದು. ಇದು ಸೇರಿದ್ದ ವಿಶ್ವವಿದ್ಯಾನಿಲಯ ಮೊದಲು ಮದ್ರಾಸಿನದು, ಆಮೇಲೆ ಮೈಸೂರಿನದು, ಈಗ ಕೊಣಾಜೆಯಲ್ಲಿರುವ ಮಂಗಳೂರಿನದು. ಒಂದೇ ಜಗಲಿ ಹತ್ತಿದವರ ಮನೆಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳ ಪದವಿ ಪತ್ರಗಳಿವೆ.

ಪಂಜೆ ಮಂಗೇಶರಾಯರು ಕನ್ನಡ ಪಂಡಿತರಾಗಿದ್ದದ್ದು ಇಲ್ಲಿ. 1922ರಲ್ಲಿ ರವೀಂದ್ರನಾಥ ಟಾಗೋರರು ಬಂದುಹೋದ ನೆನಪಿಗೆ ಸಭಾಂಗಣ 'ರವೀಂದ್ರ ಕಲಾಭವನ'ವಾಯಿತು. (ನಮ್ಮ ಕಾಲದಲ್ಲಿ ಕವಿಯ ನೆನಪಿಗಿಂತ ಭಾಷಣ ಸ್ಪರ್ಧೆಯ ಕಾಲುನಡುಕವೇ ಹೆಚ್ಚಿತ್ತೆನ್ನಿ.) ಶಿವರಾಮ ಕಾರಂತರೂ ಇಲ್ಲಿಯ ವಿದ್ಯಾರ್ಥಿ. ಗಾಂಧೀಜಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೆ ಬಿಟ್ಟು ಹೊರಟವರು.

ಇವತ್ತೂ ಓದು ಅರ್ಧಕ್ಕೆ ಬಿಡುವವರಿದ್ದಾರೆ. ಯಾರ ಕರೆಗೂ ಅಲ್ಲ, ಪರೀಕ್ಷಾ ಶುಲ್ಕ ಕಟ್ಟಲಾಗದೆ.

ಕಳೆದ ವರ್ಷ ನಮ್ಮ ಬಳಗದವರಿಗೆ ಸಿಕ್ಕ ಒಬ್ಬ ಹುಡುಗ ನಸುಕಿಗೇ ದೋಣಿಗಳಿಂದ ಮೀನು ಇಳಿಸುವ ದಕ್ಕೆಗೆ ಹೋಗಿ ಮೀನಿನ ಬುಟ್ಟಿ ಹೊತ್ತು, ಅಲ್ಲಿಂದ ನೇರ ತರಗತಿಗೆ ಬರುತ್ತಿದ್ದ. ಚೀಲದಲ್ಲಿ ಇನ್ನೊಂದು ಅಂಗಿ. ವಾಸನೆ ಬಂದೀತೆಂದು ಹಿಂದಿನ ಬೆಂಚೇ ಅವನ ಖಾಯಂ ಜಾಗ. ಮಧ್ಯಾಹ್ನ ಗೆಳೆಯರು ಊಟಕ್ಕೆ ಕರೆದರೆ "ಆಯ್ತು ಮಾರಾಯ" ಅನ್ನುತ್ತಿದ್ದನಂತೆ. ಆಗಿರುತ್ತಿರಲಿಲ್ಲ.

ಇಂಥವರ ಪರೀಕ್ಷಾ ಶುಲ್ಕ, ಬಸ್ ಪಾಸು, ಮಧ್ಯಾಹ್ನದ ಊಟ, ಈ ಮೂರಕ್ಕೆ ಮಾತ್ರ ನಾವು ಹಳೆ ವಿದ್ಯಾರ್ಥಿಗಳು ನಿಧಿ ಕೂಡಿಸುತ್ತಿದ್ದೇವೆ. ಕಟ್ಟಡಕ್ಕಲ್ಲ, ಸಮಾರಂಭಕ್ಕಲ್ಲ, ಫ್ಲೆಕ್ಸಿಗಂತೂ ಖಂಡಿತಾ ಅಲ್ಲ. ನೆರವು ಪಡೆದವರ ಹೆಸರು ಎಲ್ಲಿಯೂ ಹಾಕುವುದಿಲ್ಲ. ವೇದಿಕೆಗೆ ಕರೆದು ಲಕೋಟೆ ಕೊಡುವ ಫೋಟೋ ನಮ್ಮಲ್ಲಿಲ್ಲ.

ಇಷ್ಟೇ ಕೊಡಿ ಎಂದು ಕೇಳುವುದಿಲ್ಲ. ಮುಂಬಯಿ, ಬೆಂಗಳೂರು, ಕೊಲ್ಲಿಯ ಊರುಗಳಲ್ಲಿರುವ ನಮ್ಮವರು ತಿಂಗಳಿಗೊಂದು ಸಣ್ಣ ಮೊತ್ತ ತಪ್ಪದೆ ಕಳಿಸಿದರೆ, ಒಮ್ಮೆಗೇ ಬರುವ ದೊಡ್ಡ ಮೊತ್ತಕ್ಕಿಂತ ಅದೇ ಹೆಚ್ಚು ಅನುಕೂಲ. ಊಟ ದಿನಾ ಬೇಕಲ್ಲ! ಪ್ರತಿ ರೂಪಾಯಿಗೂ ರಸೀದಿ ಇದೆ. ವರ್ಷದ ಕೊನೆಗೆ ಲೆಕ್ಕಪತ್ರ ದಾನಿಗಳೆಲ್ಲರಿಗೂ ತಲುಪುತ್ತದೆ.

ನಿಮ್ಮ ಬ್ಯಾಚಿನವರ ವಾಟ್ಸಾಪ್ ಗುಂಪಿಗೆ ಈ ಪತ್ರ ದಾಟಿಸಿ. ಮುಂದಿನ ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಮೊದಲು ನಿಮ್ಮ ಪಾಲು ಬಂದರೆ ಒಳ್ಳೆಯದು.

ಇತಿ,
ಹಳೆ ವಿದ್ಯಾರ್ಥಿಗಳ ಪರವಾಗಿ